ಚೆಂಡಿನ ಮೇಲೆ ಕೂತ ಮಧ್ಯಾಹ್ನ

ಹೋದ ತಿಂಗಳು ಒಂದು ಬೆಳಿಗ್ಗೆ ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ಹತ್ತಿ ಕೂತಿದ್ದೆ. ಕಾಲೇಜು ಹುಡುಗಿಯೊಬ್ಬಳು ಬಂದು ಎದುರಿಗೆ ಕೂತಳು. ಅವಳ ಬ್ಯಾಗಿನಿಂದ ಒಂದು ಜೊತೆ ಫುಟ್‌ಬಾಲ್ ಬೂಟು ಜೋತಾಡುತ್ತಿತ್ತು. ಒಣಗಿದ ಮಣ್ಣು, ಬೆವರು, ನೆನೆದು ಒಣಗಿ ಮತ್ತೆ ನೆನೆದ ಚರ್ಮ, ಇವೆಲ್ಲ ಕೂಡಿದ ಆ ವಾಸನೆಯನ್ನು ಬೇರೆಯವರು ನಾತ ಅನ್ನುತ್ತಾರೆ. ನಾನು ಸ್ವಲ್ಪ ಮುಂದಕ್ಕೆ ಬಾಗಿಯೇ ಕೂತೆ. ಆಗ ಅವಳ ಹಣೆಯ ಮೇಲಿನ ಪ್ಲಾಸ್ಟರ್ ಕಾಣಿಸಿತು.

"ತಲೆ ಗಿರ್ ಅಂತು ಕಣೆ. ಎರಡೆರಡು ಬಾಲ್ ಕಾಣಿಸ್ತಿತ್ತು. ಆದ್ರೂ ಬಿಡ್ಲಿಲ್ಲ, ಕೊನೇವರ್ಗೂ ಆಡ್ದೆ" ಎಂದು ಪಕ್ಕದ ಗೆಳತಿಗೆ ಹೇಳುತ್ತಿದ್ದಳು. ಗೆಳತಿ "ಸೂಪರ್" ಅಂದಳು.

ಮೇಷ್ಟರಾದವರಿಗೆ ಬಾಯಿ ಮುಚ್ಚಿಕೊಂಡಿರುವ ಶಕ್ತಿಯನ್ನು ದೇವರು ಕೊಟ್ಟಿರುವುದಿಲ್ಲ. "ಎರಡು ಬಾಲ್ ಕಂಡ್ರೆ ಯಾವುದನ್ನಮ್ಮ ಒದ್ದೆ?" ಎಂದು ಕೇಳಿಯೇ ಬಿಟ್ಟೆ. ಇಬ್ಬರೂ ನಕ್ಕರು. ಆಮೇಲೆ ಇಯರ್‌ಫೋನ್ ಸಿಕ್ಕಿಸಿಕೊಂಡರು. ಸೀರೆ ಉಟ್ಟು, ಊಟದ ಡಬ್ಬಿ ತೊಡೆಯ ಮೇಲಿಟ್ಟುಕೊಂಡ ಈ ಹೆಂಗಸಿಗೆ ಫುಟ್‌ಬಾಲಿನ ಗೊಡವೆ ಯಾಕೆ ಅಂದುಕೊಂಡಿರಬೇಕು. ಅವರ ತಪ್ಪಲ್ಲ. ನನ್ನನ್ನು ಈಗ ನೋಡಿದರೆ ಒಂದು ಕಾಲದಲ್ಲಿ ಕೆಜಿಎಫ್‌ನ ಕಾಲೇಜು ತಂಡಕ್ಕೆ ಗೋಲ್‌ಕೀಪರ್ ಆಗಿದ್ದೆ ಎಂದು ನೀವೂ ನಂಬುವುದಿಲ್ಲ. ತಂಡದ ಕ್ಯಾಪ್ಟನ್ ಕೂಡ ಆಗಿದ್ದೆ ಅಂದರೆ ಎದ್ದೇ ಹೋಗುತ್ತೀರಿ.

ಗೋಲ್‌ಕೀಪರ್ ಆದದ್ದು ಪ್ರತಿಭೆಯಿಂದ ಅಲ್ಲ, ಓಡಲು ಬಾರದ್ದರಿಂದ. ನಮ್ಮದು ಬಂಗಾರಪೇಟೆ ಪಕ್ಕದ ಹಳ್ಳಿ. ಮನೆ ತುಂಬ ಸೀಮೆಹಸು. ಕೊಟ್ಟಿಗೆಯಿಂದ ಕಿತ್ತುಕೊಂಡು ಓಡುವ ಕರುಗಳನ್ನು ಅಡ್ಡಗಟ್ಟಿ ಅಪ್ಪಿ ಹಿಡಿದು ಬೆಳೆದವಳು ನಾನು. ಕೈ ಅಗಲಿಸಿ ನಿಂತರೆ ಯಾವುದೂ ದಾಟಬಾರದು ಎನ್ನುವ ಹಟ ಅಲ್ಲಿಂದಲೇ ಬಂದದ್ದು. ಅಮ್ಮನಿಗೆ ಮಾತ್ರ ಈ ವಿದ್ಯೆಯಲ್ಲಿ ಗೌರವ ಇರಲಿಲ್ಲ. "ಬಾಲ್ ಇಡಿಯಾಕೆ ರೈಲತ್ತಿ ಓಗ್ಬೇಕಾ ಲೇ? ಇಲ್ಲೇ ನಮ್ ಕರ ಇಡಿ, ಆಲಾದ್ರೂ ಉಳೀತದೆ" ಅನ್ನುತ್ತಿದ್ದಳು.

ಆದರೆ ಕೆಜಿಎಫ್‌ನಲ್ಲಿ ಫುಟ್‌ಬಾಲ್ ಎಂದರೆ ಹಾಗಲ್ಲ. ಅಲ್ಲಿ ಅದು ಮನೆತನದ ಮಾತು. ನಮ್ಮ ತಂಡದ ಸೆಲ್ವಿಯ ವಿಷಯವನ್ನೇ ನೋಡಿ. ನಂದಿದುರ್ಗ ಗಣಿಯ ಕಾರ್ಮಿಕರ ಲೈನ್ ಮನೆಯವಳು. ಅವಳ ತಾತ ಗಣಿಯ ತಂಡಕ್ಕೆ ಆಡಿದವನು, ಅಪ್ಪ ಆರ್ಮುಗಂ ಗಣಿಗೆ ಆಡಿದವನು. ಗಣಿ ಮುಚ್ಚಿತು, ಆಟ ಮುಚ್ಚಲಿಲ್ಲ. ಗಂಡು ಮಗು ಇಲ್ಲವೆಂದು ಆರ್ಮುಗಂ ಕೊರಗಲಿಲ್ಲ. ಮನೆ ಮುಂದಿನ ಬೇವಿನ ಮರಕ್ಕೆ ಹಗ್ಗದಲ್ಲಿ ಒಂದು ಚೆಂಡು ಕಟ್ಟಿ, ಮಗಳಿಗೆ ತಲೆಯಲ್ಲಿ ಹೊಡೆಯುವುದನ್ನು ಕಲಿಸಿದ. ನಾನು ಅವರ ಮನೆಗೆ ಹೋದಾಗೆಲ್ಲ ಆ ಸದ್ದು ಕೇಳುತ್ತಿತ್ತು, ಢಬ್, ಢಬ್, ನಡುವೆ ಆರ್ಮುಗಂನ ಕೂಗು: "ಕಣ್ಣ್ ಮುಚ್ಬೇಡಮ್ಮಾ! ತಲೆ ಇರೋದು ಯಾಕೆ, ಹೂ ಮುಡಿಯೋಕಾ?"

ಸೆಲ್ವಿ ಗಿಡ್ಡಿ. ಆದರೆ ಎದ್ದು ಹಾರಿದಳೆಂದರೆ ಎತ್ತರದ ಹುಡುಗಿಯರೆಲ್ಲ ಅವಳ ಭುಜದ ಕೆಳಗೆ. ನನ್ನ ಮುಂದೆ ಡಿಫೆನ್ಸಿನಲ್ಲಿ ಅವಳಿದ್ದರೆ ನನಗೆ ಕೆಲಸವೇ ಇರುತ್ತಿರಲಿಲ್ಲ. ನಾನು ಒಳ್ಳೆಯ ಗೋಲ್‌ಕೀಪರ್ ಎಂದು ಹೆಸರಾದದ್ದರ ಗುಟ್ಟು ಇಷ್ಟೇ.

ಆ ವರ್ಷದ ಕಾಲೇಜು ಪಂದ್ಯಾವಳಿಯ ಸೆಮಿಫೈನಲ್ ಕೆಜಿಎಫ್‌ನ ಮೈದಾನದಲ್ಲೇ. ಹುಲ್ಲು ಎಂಬುದು ಹೆಸರಿಗೂ ಇಲ್ಲದ ನೆಲ. ಬಿದ್ದರೆ ಮೊಣಕಾಲಿನ ಚರ್ಮ ಅಲ್ಲೇ ಬಿಟ್ಟು ಏಳಬೇಕು. ಗಾಳಿ ಬೀಸಿದರೆ ಗಣಿ ಗುಡ್ಡದ ಬಿಳಿ ಪುಡಿ ಕಣ್ಣಿಗೆ. ರಾಜ್ಯ ತಂಡಕ್ಕೆ ಹುಡುಗಿಯರನ್ನು ಆರಿಸುವವರು ಬಂದು ಶಾಮಿಯಾನದ ಕೆಳಗೆ ಕೂತಿದ್ದರು. ಅವರು ಯಾರನ್ನು ನೋಡಲು ಬಂದಿದ್ದಾರೆ ಎಂದು ನಮಗೆಲ್ಲ ಗೊತ್ತಿತ್ತು. ಆರ್ಮುಗಂ ಒಗೆದ ಬಿಳಿ ಶರ್ಟು ಹಾಕಿಕೊಂಡು ಗೆರೆಯ ಪಕ್ಕ ನಿಂತಿದ್ದ.

ಎದುರು ತಂಡಕ್ಕೊಂದು ಕಾರ್ನರ್ ಕಿಕ್ ಸಿಕ್ಕಿತು. ಚೆಂಡು ತೂಗುತ್ತ ಬಂತು. ಸೆಲ್ವಿ ಹಾರಿದಳು, ಆ ಕಡೆಯ ಹುಡುಗಿಯೂ ಹಾರಿದಳು. ಚೆಂಡು ಇಬ್ಬರಿಗೂ ಸಿಗಲಿಲ್ಲ. ತಲೆಗೆ ತಲೆ ಬಡಿದ ಸದ್ದು ಮೊದಲು ಕೇಳಿದ್ದು ನನಗೆ, ಏಕೆಂದರೆ ನಾನೇ ಹತ್ತಿರ ಇದ್ದವಳು. ಆ ಸದ್ದನ್ನು ವರ್ಣಿಸಲಾರೆ. ಇಂದಿಗೂ ಹಬ್ಬದ ದಿನ ಬೇರೆ ಯಾರಾದರೂ ತೆಂಗಿನಕಾಯಿ ಒಡೆಯಲಿ ಎಂದು ನಾನು ಹಿತ್ತಲಿಗೆ ಹೋಗಿಬಿಡುತ್ತೇನೆ.

ಆ ಕಡೆಯ ಹುಡುಗಿ ಅಳುತ್ತ ಹೊರಗೆ ಹೋದಳು. ಸೆಲ್ವಿ ಸ್ವಲ್ಪ ಹೊತ್ತು ಅಲ್ಲಾಡದೆ ಬಿದ್ದಿದ್ದಳು, ಆಮೇಲೆ ಎದ್ದಳು. ಮೈದಾನವೆಲ್ಲ ಚಪ್ಪಾಳೆ. ನಮ್ಮ ಕೋಚ್ ಓಡಿಬಂದು ತಲೆಯ ಮೇಲೆ ನೀರು ಸುರಿದು, "ಏನಿಲ್ಲ, ಏನಿಲ್ಲ, ಆಡ್ತಾಳೆ" ಅಂದರು. ಅವಳು ನನ್ನ ಕಡೆ ನೋಡಿ ನಕ್ಕಳು.

"ಗೋಲಾಯ್ತಾ ಡೀ?" ಎಂದು ಕೇಳಿದಳು.

"ಇಲ್ಲ" ಅಂದೆ.

ಆಟ ಶುರುವಾಯಿತು. ಅವಳು ತಿರುಗಿ, "ಗೋಲಾಯ್ತಾ ಡೀ?" ಅಂದಳು. ಇಲ್ಲ ಅಂದೆ. ಮತ್ತೆ ಅದೇ ನಗು, ಅದೇ ಪ್ರಶ್ನೆ. ಆಮೇಲೆ ನೋಡುತ್ತೇನೆ, ಎಲ್ಲರೂ ಚೆಂಡಿನ ಕಡೆ ಮುಖ ಮಾಡಿದ್ದರೆ ಅವಳು ನನ್ನ ಕಡೆ ಮುಖ ಮಾಡಿ ನಿಂತಿದ್ದಾಳೆ. "ಇವತ್ತು ಯಾರ್ ಜೊತೆ ಮ್ಯಾಚು?" ಎಂದು ಕೇಳಿದಳು.

ಕೋಚ್ ಕಡೆ ಕೈ ಮಾಡಿ ಕೂಗಿದೆ. ಅವರು "ಆಡ್ಸು, ಆಡ್ಸು" ಎಂದು ಕೈ ಬೀಸಿದರು. ಅಷ್ಟರಲ್ಲಿ ಚೆಂಡು ಬಂತು, ಹಿಡಿದೆ. ಹಿಡಿದವಳು ಒದೆಯಬೇಕು ತಾನೆ? ನಾನು ಅದನ್ನು ನೆಲಕ್ಕಿಟ್ಟು ಅದರ ಮೇಲೆ ಕೂತುಬಿಟ್ಟೆ.

ಯೋಚನೆ ಮಾಡಿ ಮಾಡಿದ್ದಲ್ಲ. ಹಟ ಮಾಡುವ ಎಮ್ಮೆ ದಾರಿಯಲ್ಲಿ ಮಲಗುತ್ತದಲ್ಲ, ಹಾಗೆ. ರೆಫರಿ ಸೀಟಿ ಊದುತ್ತ ಬಂದರು.

"ಏಳಮ್ಮ, ಏನಿದು?"

"ಅವಳು ಹೊರಗೆ ಹೋದ್ರೆ ಏಳ್ತೀನಿ ಸಾರ್. ಅವಳಿಗೆ ಯಾರ ಜೊತೆ ಆಡ್ತಿದೀನಿ ಅಂತಾನೇ ಗೊತ್ತಿಲ್ಲ."

ಹಳದಿ ಕಾರ್ಡು ತೋರಿಸಿದರು. ಏಳಲಿಲ್ಲ. ಕೋಚ್ ಗೆರೆ ದಾಟಿ ಬಂದು, "ಸೆಲೆಕ್ಟರ್‌ಗಳು ನೋಡ್ತಿದ್ದಾರೆ, ಮರ್ಯಾದೆ ತೆಗೀಬೇಡ" ಎಂದು ಹಲ್ಲು ಕಚ್ಚಿದರು. ಹಿಂದಿನಿಂದ ಆರ್ಮುಗಂ, "ಏಮ್ಮಾ, ನಮ್ ಹುಡ್ಗಿ ಗಟ್ಟಿ! ನೀನ್ ಏಳು! ಗಣಿಯೊಳ್ಗೆ ತಲೆ ಮೇಲೆ ಕಲ್ಲು ಬಿದ್ರೂ ಶಿಫ್ಟ್ ಮುಗ್ಸಿ ಬರೋರು ನಾವು!" ಎಂದು ಕೂಗಿದ. ಜನ ಬೈಯತೊಡಗಿದರು, ಮೂರು ಭಾಷೆಗಳಲ್ಲಿ. ಕೆಜಿಎಫ್‌ನ ಅನುಕೂಲ ಅದು, ಯಾವ ಬೈಗುಳವೂ ಅರ್ಥವಾಗದೆ ಹೋಗುವುದಿಲ್ಲ.

ಎರಡನೆಯ ಹಳದಿ, ಅದರ ಹಿಂದೆಯೇ ಕೆಂಪು. ಆಗ ಎದ್ದೆ. ಹೊರಗೆ ನಡೆಯುವಾಗ ಸೆಲ್ವಿಯ ಮಣಿಕಟ್ಟು ಹಿಡಿದುಕೊಂಡೆ. ಕರುಗಳನ್ನು ಹಿಡಿದ ಕೈ, ಸುಲಭಕ್ಕೆ ಬಿಡುವುದಿಲ್ಲ. ಅವಳು ಎಳೆದಾಡಿದಳು, ಬೈದಳು, ನನ್ನ ತೋಳಿಗೆ ಉಗುರು ಊರಿದಳು. ಗೆರೆ ದಾಟುತ್ತಿದ್ದಂತೆ ಮೊಣಕಾಲೂರಿ ವಾಂತಿ ಮಾಡಿದಳು. ಕೂಗುತ್ತಿದ್ದ ಆರ್ಮುಗಂ ಬಂದು ಅವಳ ಪಕ್ಕ ಕುಕ್ಕರಿಸಿದ. ಬಿಳಿ ಶರ್ಟಿನ ತೋಳಿನಿಂದಲೇ ಮಗಳ ಬಾಯಿ ಒರೆಸಿ, ಎತ್ತಿಕೊಂಡು ಆಟೋ ಕಡೆ ಓಡಿದ.

ನಾವು ಸೋತೆವು. ಕಾಲೇಜಿನಲ್ಲಿ ಪ್ರಿನ್ಸಿಪಾಲರು ನನ್ನನ್ನು ಕರೆಸಿ ಕ್ಷಮೆ ಕೇಳು ಅಂದರು. ಕೇಳಲಿಲ್ಲ. "ಆಸ್ಪತ್ರೆಗೆ ಹೋಗಿ ಅವಳನ್ನ ನೋಡ್ಕೊಂಡು ಬನ್ನಿ ಸಾರ್, ಆಮೇಲೂ ಕೇಳು ಅಂದ್ರೆ ಆಗ ನೋಡೋಣ" ಅಂದೆ. ತಂಡದಿಂದ ತೆಗೆದರು. ಅಮ್ಮನಿಗೆ ಹೇಳಿದಾಗ ಅವಳು ಹಾಲು ಕರೆಯುತ್ತಿದ್ದಳು. ತಲೆ ಎತ್ತದೆ, "ಒಳ್ಳೇದ್ ಮಾಡ್ದೆ ಬುಡು. ಎತ್ತೋರ್ ಒಟ್ಟೆ ಉರಿ ಅವ್ರಿಗೇನ್ ಗೊತ್ತು" ಅಂದಳು. ನನ್ನ ಫುಟ್‌ಬಾಲಿನ ಬಗ್ಗೆ ಅವಳು ಆಡಿದ ಒಂದೇ ಮೆಚ್ಚುಗೆಯ ಮಾತು ಅದು.

ಸೆಲ್ವಿಯ ಸಿಟ್ಟು ಬೇರೆ ತರಹದ್ದು. ತಿಂಗಳುಗಟ್ಟಲೆ ಅವಳಿಗೆ ಬೆಳಕು ಕಂಡರೆ ಆಗುತ್ತಿರಲಿಲ್ಲ. ಕಿಟಕಿಗೆ ಗೋಣಿಚೀಲ ಕಟ್ಟಿದ ಕೋಣೆಯಲ್ಲಿ ಮಲಗಿರುತ್ತಿದ್ದಳು. ಆ ವರ್ಷ ರಾಜ್ಯ ತಂಡ ಅವಳಿಲ್ಲದೆ ಹೋಯಿತು. ಮತ್ತೆ ಯಾರೂ ಅವಳನ್ನು ಕರೆಯಲಿಲ್ಲ. ನಾನು ನೋಡಲು ಹೋದಾಗ ಗೋಡೆಯ ಕಡೆ ತಿರುಗಿಯೇ ಹೇಳಿದಳು:

"ಅದು ನನ್ ತಲೆ. ತೀರ್ಮಾನ ಮಾಡೋಕೆ ನೀನ್ಯಾರು ಡೀ?"

"ಆ ಹೊತ್ನಲ್ಲಿ ಆ ತಲೆ ನಿನ್ ಕೈಲಿ ಇರ್ಲಿಲ್ಲ ಸೆಲ್ವಿ."

"ಹೋಗು" ಅಂದಳು. ಹೊರಗೆ ಬಂದೆ. ಆರ್ಮುಗಂ ಸ್ಟೂಲಿನ ಮೇಲೆ ನಿಂತು ಬೇವಿನ ಮರದ ಹಗ್ಗ ಬಿಚ್ಚುತ್ತಿದ್ದ. ನನ್ನನ್ನು ನೋಡಿದ. ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು ಕೆಳಗಿಳಿದ.

ನೀವು ಕೇಳಬಹುದು: ಅವಳು ಆಡಿದ್ದರೆ ಏನಾಗುತ್ತಿತ್ತು? ಬಹುಶಃ ಏನೂ ಆಗುತ್ತಿರಲಿಲ್ಲ. ಬಹುಶಃ ಅವಳು ರಾಜ್ಯ ತಂಡಕ್ಕೆ ಆಯ್ಕೆಯಾಗುತ್ತಿದ್ದಳು. ಈ ವಾದ ನನ್ನ ಮುಂದೆ ಬಹಳ ಜನ ಮಾಡಿದ್ದಾರೆ. ಆಗದೆ ಹೋದ ಅನಾಹುತಕ್ಕೆ ಸಾಕ್ಷಿ ಎಲ್ಲಿಂದ ತರಲಿ? ಸಾಕ್ಷಿ ಇಲ್ಲದೆಯೇ ಹೇಳುತ್ತೇನೆ, ಮತ್ತೆ ಅದೇ ಚೆಂಡು ಬಂದರೆ ಮತ್ತೆ ಅದರ ಮೇಲೆ ಕೂರುತ್ತೇನೆ. ಧೈರ್ಯ ಅಂದರೆ ಪೆಟ್ಟು ತಿಂದು ನಿಲ್ಲುವುದು ಎಂದು ನಮ್ಮ ಮೈದಾನಗಳು ಹೇಳಿಕೊಟ್ಟಿವೆ. ಆದರೆ ಚಪ್ಪಾಳೆ ಹೊಡೆಯುವ ಇಡೀ ಮೈದಾನದ ಎದುರು 'ಸಾಕು' ಎನ್ನುವುದಕ್ಕೆ ಎಷ್ಟು ಎದೆ ಬೇಕು ಎಂದು ಒಮ್ಮೆ ನಿಂತು ನೋಡಿ.

ಈಗ ನಾನು ಕೆಜಿಎಫ್‌ನ ಒಂದು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಆಟದ ಮೇಷ್ಟರ ಹುದ್ದೆ ಖಾಲಿಯಾಗಿ ವರ್ಷಗಳಾದ್ದರಿಂದ ಹುಡುಗಿಯರ ಫುಟ್‌ಬಾಲ್ ತಂಡವನ್ನೂ ನನಗೇ ಗಂಟು ಹಾಕಿದ್ದಾರೆ. ಹೋದ ಶನಿವಾರ ನಮಗೂ ಆಂಡರ್ಸನ್‌ಪೇಟೆಯ ಹುಡುಗಿಯರ ತಂಡಕ್ಕೂ ಪಂದ್ಯ ಇತ್ತು. ಅವರ ಕೋಚ್ ಸೆಲ್ವಿ. ಇಷ್ಟು ವರ್ಷದಲ್ಲಿ ನಾವು ಎದುರಾದಾಗ ತಲೆಯಾಡಿಸಿ ಮುಂದೆ ಹೋಗಿದ್ದೇ ಹೆಚ್ಚು.

ನಾವು ಒಂದು ಗೋಲು ಮುಂದಿದ್ದೆವು. ಅವರ ಹುಡುಗಿಯೊಬ್ಬಳು ಹಿಂದಿನಿಂದ ಬಂದು ನಮ್ಮ ಫಾರ್ವರ್ಡ್ ಹುಡುಗಿಯ ಕಾಲಿಗೆ ಅಡ್ಡ ಜಾರಿದಳು. ನಮ್ಮವಳು ಹಾರಿ ಬಿದ್ದಳು, ತಲೆಯ ಹಿಂಭಾಗ ನೆಲಕ್ಕೆ ಬಡಿಯಿತು. ನಾನು ಗೆರೆ ದಾಟಿ ಓಡಿದೆ. ಓಡಲು ಬಾರದವಳು ಎಂದು ಆಗಲೇ ಹೇಳಿದ್ದೇನಲ್ಲ, ನಾನು ತಲುಪುವಷ್ಟರಲ್ಲಿ ಸೆಲ್ವಿ ಅಲ್ಲಿದ್ದಳು. ಹುಡುಗಿಯ ತಲೆ ಅಲ್ಲಾಡದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

ನಮ್ಮ ಹೆಡ್‌ಮಾಸ್ಟರ್ ಕುರ್ಚಿ ಬಿಟ್ಟು ಬಂದರು. "ಕಣ್ಣು ಬಿಟ್ಟಳಲ್ಲ, ಆಡ್ತಾಳೆ ಬಿಡಿ. ನಿಮ್ಮ ಟೀಮ್ ಸೋಲ್ತಿದೆ ಅಂತ ನಮ್ಮ ಹುಡುಗೀನ ಕೂರಿಸ್ತೀರಾ?"

"ಅಂಗೇ ಅಂದ್ಕೊಳ್ಳಿ ಸಾರ್" ಎಂದಳು ಸೆಲ್ವಿ, ತಲೆಯಿಂದ ಕೈ ತೆಗೆಯದೆ. "ಆದ್ರೆ ಈ ಪಾಪು ಆಡಲ್ಲ. ನಮ್ ಕಡೆಯಿಂದಾನೂ ಒಬ್ಳನ್ನ ಕೂರಿಸ್ತೀನಿ. ನಮ್ಮೋರಲ್ಲಿ ಯಾರು ಚೆನ್ನಾಗಿ ಆಡ್ತಾರೋ ಅವಳ್ನೇ."

ಹೆಡ್‌ಮಾಸ್ಟರ್ ನನ್ನ ಕಡೆ ತಿರುಗಿದರು. "ನೀವಾದ್ರೂ ಹೇಳಿ ಮೇಡಂ."

"ಅವರು ಹೇಳಿದ್ದೇ ನನ್ನ ಮಾತು ಸಾರ್" ಅಂದೆ. "ಆಂಬ್ಯುಲೆನ್ಸಿಗೆ ಫೋನ್ ಮಾಡಿ."

ಪಂದ್ಯ ಅರ್ಧಕ್ಕೆ ನಿಂತಿತು. ಆಂಬ್ಯುಲೆನ್ಸ್ ಬರುವ ತನಕ ನಾವಿಬ್ಬರೂ ಹುಡುಗಿಯ ಅಕ್ಕಪಕ್ಕ ಮಣ್ಣಿನಲ್ಲಿ ಕೂತಿದ್ದೆವು. ನಾನು ನನ್ನ ಸೆರಗಿನಿಂದ ಅವಳ ಕಣ್ಣಿಗೆ ನೆರಳು ಹಿಡಿದಿದ್ದೆ. ಗೆರೆಯಾಚೆ ಯಾರೋ ಬೈಯುತ್ತಿದ್ದರು. ಎಷ್ಟೋ ವರ್ಷದಿಂದ ಕೇಳಬೇಕೆಂದಿದ್ದದ್ದನ್ನು ಕೇಳಿಬಿಟ್ಟೆ.

"ಇನ್ನೂ ಕೋಪ ಇದೆಯಾ ಸೆಲ್ವಿ?"

"ಇದೆ" ಅಂದಳು. "ಅದೇನ್ ಹೋಗುತ್ತಾ? ಟಿವೀಲಿ ಸ್ಟೇಟ್ ಟೀಮ್ ಜರ್ಸಿ ನೋಡ್ದಾಗೆಲ್ಲ ನಿನ್ನ ಬೈತೀನಿ." ಹುಡುಗಿಯ ಕೂದಲಿಗೆ ಅಂಟಿದ್ದ ಮಣ್ಣನ್ನು ಮೆಲ್ಲಗೆ ಬಿಡಿಸಿದಳು. ಆಮೇಲೆ ನನ್ನ ಕಡೆ ನೋಡಿದಳು. "ಬೈಯೋಕೆ ಇದ್ದೀನಲ್ಲ ಡೀ. ಅಷ್ಟೇ ತಾನೇ ನಿಂಗೆ ಬೇಕಾಗಿದ್ದು?"