ಇಬ್ಬರಿಗೊಂದು ವೈರು

"ಲೇ ಸಿದ್ದ್ಯಾ!" ಎಂದು ಮೂರನೇ ಸಲ ಕೂಗಿದೆ. ಅವನು ತಿರುಗಲಿಲ್ಲ. ಹುಕ್ಕೇರಿ ಕಡೆಯ ಸಕ್ಕರೆ ಕಾರ್ಖಾನೆಯ ಅಂಗಳದಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಸಾಲು ನಿಂತಿತ್ತು. ನನ್ನ ಗಾಡಿ, ಅದರ ಮುಂದೆ ಸಿದ್ದನ ಗಾಡಿ. ಇಬ್ಬರೂ ಕಲ್ಲೋಳಿಯವರು, ಏಳನೇ ತರಗತಿಗೆ ಒಟ್ಟಿಗೆ ಶಾಲೆ ಬಿಟ್ಟವರು. ಅವನು ಟ್ರೇಲರಿನ ನೆರಳಲ್ಲಿ ಮಲಗಿ, ಕಿವಿಗೆ ಹಾಡು ಕೇಳುವ ಎರಡು ಬಿಳಿ ಗುಂಡಿ ಸಿಕ್ಕಿಸಿಕೊಂಡು ಕಾಲು ಕುಣಿಸುತ್ತಿದ್ದ.

ನಾನು ಅವನಿಗೊಂದು ಮಾತು ಹೇಳಬೇಕಿತ್ತು. ಮೊನ್ನೆ ಗೋಕಾಕದಲ್ಲಿ ಕಿವಿ ಡಾಕ್ಟರು ನನ್ನ ಎಡಗಿವಿ ಹೋಗಿದೆ, ಬಲಗಿವಿಯನ್ನಾದರೂ ಉಳಿಸಿಕೋ ಎಂದಿದ್ದರು. ಮನೆಯಲ್ಲಿ ಹೇಳಿಲ್ಲ. ಮಾಲೀಕನಿಗೆ ಹೇಳಿದರೆ ಸ್ಟೇರಿಂಗು ಹೋಗುತ್ತದೆ. ಉಳಿದವನು ಸಿದ್ದ ಒಬ್ಬನೇ.

ಕಿವಿ ಹೇಗೆ ಹೋಯಿತು ಎಂದು ಕೇಳುತ್ತೀರಿ. ಹಾಡು ಕೇಳಿ ಹೋಯಿತು. ನಮ್ಮಪ್ಪನೂ ಇದೇ ಡ್ರೈವರ್ ಕೆಲಸ ಮಾಡಿದವನು. ಅವನ ಹತ್ತಿರ ಸೆಲ್ ಹಾಕುವ ಟೇಪ್ ಇತ್ತು. ಕ್ಯಾಸೆಟ್ಟಿನ ರೀಲು ಸಿಕ್ಕಿಕೊಂಡರೆ ಪೆನ್ಸಿಲ್ ತೂರಿಸಿ ಸುತ್ತುತ್ತಿದ್ದ. ಸಾಲಿನ ಡ್ರೈವರುಗಳೆಲ್ಲ ಸುತ್ತ ಕುಳಿತು ಕಾಯುತ್ತಿದ್ದರು. ನಮ್ಮ ಕಾಲಕ್ಕೆ ಬಟನ್ ಮೊಬೈಲು ಬಂತು. ಮೂಡಲಗಿಯ ಅಂಗಡಿಯಲ್ಲಿ ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿಕೊಂಡು ಬರುತ್ತಿದ್ದೆವು. ನನಗೂ ಸಿದ್ದನಿಗೂ ಸೇರಿ ಒಂದೇ ಇಯರ್‌ಫೋನು. ವೈರು ಗಿಡ್ಡ. ಅವನಿಗೊಂದು ಕಿವಿ, ನನಗೊಂದು ಕಿವಿ. ತಲೆಗೆ ತಲೆ ಹಚ್ಚಿ ಕೂರಬೇಕು. ಒಬ್ಬ ಸೀನಿದರೆ ಇನ್ನೊಬ್ಬನ ಹಾಡು ಕಳಚಿ ಬೀಳುತ್ತಿತ್ತು. ಆಮೇಲೆ ಟ್ರ್ಯಾಕ್ಟರಿಗೇ ದೊಡ್ಡ ಬಾಕ್ಸು ಕೂರಿಸಿದೆವು. ಯಾರ ಗಾಡಿಯ ಸೌಂಡು ಹೆಚ್ಚು ಎಂದು ಪೈಪೋಟಿ. ನನ್ನ ಬಾಕ್ಸು ಎಡಕ್ಕಿತ್ತು. ನಾಲ್ಕು ಹಂಗಾಮು ಅದರ ಬಾಯಿಗೆ ಕಿವಿ ಕೊಟ್ಟು ಗೆದ್ದೆ.

ಈಗ ವೈರೇ ಇಲ್ಲ. ಸಾಲಿನಲ್ಲಿ ಇಷ್ಟು ಮಂದಿ ಮಲಗಿದ್ದಾರೆ, ಯಾರು ಏನು ಕೇಳುತ್ತಿದ್ದಾರೋ ಪಕ್ಕದವನಿಗೂ ಗೊತ್ತಿಲ್ಲ. ನಾನೂ ಅಂಥ ಗುಂಡಿಗಳ ಒಂದು ಜೋಡಿ ಕೊಂಡಿದ್ದೆ. ಡಾಕ್ಟರು ಬೇಡ ಎಂದ ಮೇಲೆ ಜೇಬಿನಲ್ಲೇ ಇವೆ.

ಹೋಗಿ ಸಿದ್ದನ ಪಕ್ಕ ಕುಳಿತೆ. ಅವನು ಒಂದು ಗುಂಡಿ ಕಿತ್ತ.

"ಮಾರಿ ಯಾಕ ಸಣ್ಣ ಮಾಡಿಯಲೇ? ಮದವಿ ಗಟ್ಟಿ ಆತೇನ?"

"ಒಂದ ಕಿವಿ ನನಗ ಕೊಡು. ಮದಲಿನಂಗ ಕೇಳೂಣು."

ಹಾಡು ನನಗೆ ಬೇಕಿರಲಿಲ್ಲ. ತಲೆಗೆ ತಲೆ ಹಚ್ಚಿದರೆ ಮಾತು ಹೊರಗೆ ಬಂದೀತು ಎಂದುಕೊಂಡಿದ್ದೆ.

"ನಿನ್ನವ ಅದಾವಲ್ಲ, ಹಾಕ್ಕೋ. ಒಂದ ಕಿವ್ಯಾಗ ಮಜಾ ಬರಂಗಿಲ್ಲೋ ಮಾರಾಯಾ," ಎಂದು ಮತ್ತೆ ಸಿಕ್ಕಿಸಿಕೊಂಡ.

"ನನಗ ಇನ್ನ ಒಂದ ಕಿವಿನ ಸಿದ್ದ್ಯಾ. ಎಡಗಡೆದು ಹ್ವಾತು," ಎಂದೆ.

ಅವನು ತಲೆ ಆಡಿಸಿದ. ಆಡಿಸಿದ್ದು ತಾಳಕ್ಕೆ. ಅಷ್ಟರಲ್ಲಿ ಮುಂದಿನ ಗಾಡಿ ಸರಿಯಿತು. ಭುಜ ತಟ್ಟಿ ತೋರಿಸಿದೆ. ಗುಂಡಿ ತೆಗೆದು, "ಏನರ ಅಂದೇನ?" ಎಂದು ಕೇಳಿದ.

"ಲೈನ್ ಸರದೈತಿ. ಗಾಡಿ ತಗಿ."

ಅವನು ಗಾಡಿ ತೆಗೆದ. ನಾನೂ ತೆಗೆದೆ. ಅವನ ಟ್ರೇಲರಿನ ಹಿಂದೆ ಮತ್ತೆ ಸಾಲಿನಲ್ಲಿ ನಿಂತೆ.