ಎರಡನೆಯ ಚೊಚ್ಚಲು

ನನ್ನ ಎರಡನೆಯ ಹೆರಿಗೆಯ ಖರ್ಚು ಯಾರು ಹಾಕಬೇಕು ಎಂಬುದರ ಮೇಲೆ ಸರಸಂಬಾದ ನಮ್ಮಪ್ಪನ ಪಡಸಾಲೆಯಲ್ಲಿ ಒಂದು ಇಡೀ ಮಧ್ಯಾಹ್ನ ಪಂಚಾಯಿತಿ ನಡೆಯಿತು. ಎಂಬತ್ತರ ದಶಕದ ಆರಂಭದ ಮಾತು. ನಾನಾಗ ಎಂಟು ತಿಂಗಳ ಬಸುರಿ. ಅಂದೋಲಾದಿಂದ ಅತ್ತೆಯೂ ನನ್ನ ಗಂಡನೂ ಬಸ್ಸು ಬದಲಿಸಿ ಬದಲಿಸಿ ಬಂದಿದ್ದರು. ನಾನು ಅಡುಗೆಮನೆಯ ಬಾಗಿಲಲ್ಲಿ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದೆ. ಕಿವಿ ಮಾತ್ರ ಪಡಸಾಲೆಯಲ್ಲಿತ್ತು.

ನಮ್ಮ ಕಡೆ ಚೊಚ್ಚಲ ಹೆರಿಗೆ ತವರಿನದು. ಬಸುರಿಗೆ ಉಡಿಸುವ ಕುಬಸದ ಸೀರೆಯಿಂದ ಹಿಡಿದು, ತೊಟ್ಟಿಲು ಹೊರಿಸಿ ಬಾಣಂತಿಯನ್ನು ಗಂಡನ ಮನೆಗೆ ಮುಟ್ಟಿಸುವವರೆಗೆ ಎಲ್ಲವೂ ತಂದೆಯ ತಲೆಯ ಮೇಲೆ. ಎರಡನೆಯದರಿಂದ ಗಂಡನ ಮನೆಯವರದು. ಇದರಲ್ಲಿ ಜಗಳಕ್ಕೆ ಜಾಗವೇ ಇಲ್ಲ. ಆದರೆ ನನ್ನ ಚೊಚ್ಚಲು ಹಿಂದಿನ ವರ್ಷ ಗುಲ್ಬರ್ಗಾದ ಒಂದು ಖಾಸಗಿ ದವಾಖಾನೆಯಲ್ಲಿ ಹುಟ್ಟಿ, ಹುಟ್ಟಿದ ದಿನವೇ ಹೋಗಿಬಿಟ್ಟಿತ್ತು.

"ತೊಟ್ಟಿಲ ನಮ್ಮ ಮನಿಗಿ ಬಂದೇ ಇಲ್ಲಲ್ರಿ ಬೀಗರ," ಎಂದರು ಅತ್ತೆ. "ತೊಟ್ಟಿಲ ಬರಲಿಲ್ಲಂದ್ರ ಚೊಚ್ಚಲ ಇನ್ನ ಮುಗದಿಲ್ಲ. ಇದೂ ನಿಮ್ಮದ ಆಗ್ತದ."

ಅಪ್ಪ ತೊಗರಿ ವ್ಯಾಪಾರಿ. ಬಜಾರಿನಲ್ಲಿ ಚೌಕಾಶಿಗೆ ನಿಂತರೆ ಎದುರಿನವನೇ ಬೇಸತ್ತು ಎದ್ದು ಹೋಗಬೇಕು, ಅಂಥ ಮನುಷ್ಯ. ಅವತ್ತು ಮಾತ್ರ "ಆಗ್ಲಿರಿ, ನಮ್ಮದ," ಎಂದು ಸುಮ್ಮನಾದ.

ಆಮೇಲೆ ಎಲ್ಲಿ ಹಡೆಯುವುದು ಎಂಬ ಮಾತು ಬಂತು. ನನ್ನ ಗಂಡ ಮತ್ತೆ ಗುಲ್ಬರ್ಗಾ ಎಂದ. ಅಲ್ಲಿನ ಕೋಣೆ ಬಾಡಿಗೆ, ಔಷಧಿ, ಡಾಕ್ಟರ ಫೀಜು ಕೂಡಿಸಿದರೆ ಒಂದು ಎತ್ತಿನ ಬೆಲೆ. ಆಳಂದದ ಸರಕಾರಿ ದವಾಖಾನೆ ಪುಕ್ಕಟೆ ಎಂದ ಅಪ್ಪ, ಮತ್ತೆ ತಾನೇ ಬೆರಳು ಮಡಚತೊಡಗಿದ: ಹೋಗಿಬರುವ ಗಾಡಿ, ಹೊರಗಿನ ಗುಳಿಗೆ, ಕಾಯುವವರ ಊಟ, ಆಯಾಳ ಚಹಾದ ದುಡ್ಡು. ಪುಕ್ಕಟೆ ಎಂಬುದು ಒಂದು ಕೈಯ ಬೆರಳು ಮುಗಿದರೂ ಮುಗಿಯಲಿಲ್ಲ. ಅತ್ತೆ ನಕ್ಕರು. "ಅಯ್ಯ, ಯಾಕ ಬೇಕ್ರಿ ಇದೆಲ್ಲ? ಮನ್ಯಾಗ ಹಡೀಲಿ. ಸೂಲಗಿತ್ತಿಗಿ ಒಂದು ಸೀರಿ, ಒಂದು ಖಣ, ನಾಕು ಸೇರು ಜ್ವಾಳ. ನಾ ಐದು ಹಡದೇನಿ, ಒಂದು ಗುಳಿಗಿ ನುಂಗಿಲ್ಲ."

ನನಗೆ ಸೊಪ್ಪಿನ ಕಟ್ಟು ಎತ್ತಿ ಒಗೆಯಬೇಕೆನಿಸಿತು. ಒಗೆಯಲಿಲ್ಲ. ಎದ್ದು ಪಡಸಾಲೆಯ ನಡುವೆ ಹೋಗಿ ನಿಂತೆ. "ತೊಟ್ಟಿಲ ಬರಲಿಲ್ಲಂದ್ರ ನಾ ಹಡದೇ ಇಲ್ಲೇನ್ರಿ ಅತ್ತಿ?" ಎಂದೆ.

ಅತ್ತೆ ಸೆರಗು ಸರಿಮಾಡಿಕೊಂಡರು.

ಗುಲ್ಬರ್ಗಾದಲ್ಲಿ ಆದದ್ದು ಇಷ್ಟು. ನಮ್ಮ ಲಿಂಗಾಯತರಲ್ಲಿ ಎಂಟನೆಯ ತಿಂಗಳಲ್ಲಿ ಮಠದ ಅಯ್ಯನವರು ಹೊಟ್ಟೆಯಲ್ಲಿರುವ ಕೂಸಿಗೆಂದು ಒಂದು ಲಿಂಗ ಕಟ್ಟುತ್ತಾರೆ. ತಾಯಿ ತನ್ನ ಲಿಂಗದ ಜೊತೆ ಅದನ್ನೂ ಧರಿಸಿರುತ್ತಾಳೆ. ಹುಟ್ಟಿದ ಮೇಲೆ ಅದು ಕೂಸಿನದು. ಒಳಗೆ ಒಯ್ಯುವ ಮೊದಲು ನರ್ಸು ನನ್ನ ಬಳೆ, ತಾಳಿ, ಎರಡೂ ಲಿಂಗ ಬಿಚ್ಚಿಸಿ ಅವ್ವನ ಸೆರಗಿಗೆ ಹಾಕಿದಳು. ಸೂಜಿ ಚುಚ್ಚಿದರು. ಎಚ್ಚರಾದಾಗ ಬಗಲಲ್ಲಿ ಏನೂ ಇರಲಿಲ್ಲ. ಗಂಡಸರು ಆಗಲೇ ಮಣ್ಣು ಮಾಡಲು ಒಯ್ದಿದ್ದರು. ಹೆಣ್ಣಿತ್ತು ಎಂದು ಅವ್ವ ಹೇಳಿದಳು, ಅಷ್ಟೇ. ಕೂಸಿನ ಲಿಂಗ ನನ್ನ ಕೊರಳಿಗೇ ವಾಪಸು ಬಂತು; ಮುಂದೆ ಅಪ್ಪ ಅದನ್ನು ಮಠಕ್ಕೆ ಒಪ್ಪಿಸಿ ಬಂದ. ಆ ಮೇಲೆ ನಾನು ಬಾಯಿ ತೆರೆದಾಗಲೆಲ್ಲ ಎಲ್ಲರದೂ ಒಂದೇ ಮಾತು, ಮರೆತುಬಿಡು. ಮರೆಯಲು ಒಂದು ಮುಖವಾದರೂ ಬೇಕಲ್ಲ! ನಾನು ನೋಡಿಯೇ ಇರಲಿಲ್ಲ.

"ನಾ ಎಲ್ಲಿಗೂ ಹೋಗಂಗಿಲ್ಲ," ಎಂದೆ ಅವತ್ತು. "ಇಲ್ಲೇ ಹಡೀತೇನಿ. ಅಗ್ಗ ಆಗ್ತದಂತ ಅಲ್ಲ. ಉಳೀಲಿ, ಬಿಡ್ಲಿ, ನನ್ನ ಕೂಸಿನ ಮಾರಿ ನಾ ನೋಡಬೇಕು."

ಅತ್ತೆಯೂ ನನ್ನ ಗಂಡನೂ ಊರಿಗೆ ಹೋದ ಮೇಲೆ ಅವ್ವ ಒಲೆಯ ಮುಂದೆ ಕೂತು ಅತ್ತಳು. "ಅಲ್ಲಿ ಕೊಯ್ದರ ತಗೀತಾರ ಬೇ. ಇಲ್ಲಿ ಏನರ ಹೆಚ್ಚುಕಮ್ಮಿ ಆದ್ರ ನಿನ್ನ ಎಲ್ಲಿಂದ ತರ್ಲಿ ನಾ?" ಅವಳ ಭಯ ಸುಳ್ಳಾಗಿರಲಿಲ್ಲ. ನನಗೂ ಅದೇ ಭಯವಿತ್ತು. ಆದರೂ ಹೂಂ ಎನ್ನಲಿಲ್ಲ.

ಅಪ್ಪ ನನ್ನ ಜೊತೆ ವಾದಿಸಲಿಲ್ಲ. ದಿನ ಹತ್ತಿರ ಬಂದಾಗ ಆಳಂದಕ್ಕೆ ಹೋಗಿ ಒಂದು ಬಾಡಿಗೆ ಜೀಪು ತಂದು ಮನೆ ಮುಂದೆ ನಿಲ್ಲಿಸಿದ. ಡ್ರೈವರನಿಗೆ ನಮ್ಮಲ್ಲೇ ಊಟ, ನಮ್ಮಲ್ಲೇ ನಿದ್ದೆ. ಸೂಲಗಿತ್ತಿಯ ಜೊತೆ ಸರಕಾರಿ ನರ್ಸಮ್ಮನನ್ನೂ ಕೈಮುಗಿದು ಕರೆತಂದ. ಜೀಪು ನಿಂತೇ ಇತ್ತು, ಬಾಡಿಗೆ ಏರುತ್ತಲೇ ಇತ್ತು. ಗುಲ್ಬರ್ಗಾದ ಖರ್ಚನ್ನೂ ಅದು ದಾಟಿರಬೇಕು. ಸುದ್ದಿ ಕೇಳಿ ಬಂದ ಅತ್ತೆ ಜೀಪಿನ ಸುತ್ತ ಒಂದು ಸುತ್ತು ಹಾಕಿ, "ಎಪ್ಪಾ, ಬೀಗರು ಮನಿಗೇ ದವಾಖಾನಿ ತರ್ಸ್ಯಾರಲ್ಲ!" ಎಂದರು. ನಕ್ಕರಾದರೂ ಮರಳಿ ಹೋಗಲಿಲ್ಲ. ಸೆರಗು ಸಿಕ್ಕಿಸಿ ನೀರು ಕಾಯಿಸಲು ನಿಂತರು.

ನೋವು ಬೆಳಿಗ್ಗೆ ಶುರುವಾಯಿತು. ಬಿಸಿಲೇರಿದರೂ ಕೂಸು ಬರಲಿಲ್ಲ. ಸೂಲಗಿತ್ತಿ ಇನ್ನೊಂದು ತಾಸು ನೋಡೋಣ ಎಂದಳು. ನರ್ಸಮ್ಮ ನೋಡುವುದು ಬೇಡ, ಹೊರಡೋಣ ಎಂದಳು. ಹೊರಗೆ ಜೀಪು ಚಾಲೂ ಆದ ಸದ್ದು ಕೇಳಿತು. ನನಗೆ ಅಳು ಬಂತು. ಒಳಗೆ ಒಯ್ದು, ಮಲಗಿಸಿ, ಮತ್ತೆ ಬರಿಗೈಲಿ ಎಬ್ಬಿಸುತ್ತಾರೆ ಎಂದೇ ಅನಿಸುತ್ತಿತ್ತು. ಆದರೆ ಕೂಸು ಸೋಲುತ್ತಿದೆ ಎಂದು ನರ್ಸಮ್ಮ ಹೇಳಿದ ಮೇಲೆ ಹಟ ಹಿಡಿಯಲು ಮನಸ್ಸು ಒಪ್ಪಲಿಲ್ಲ. ಮುಖ ನೋಡದಿದ್ದರೂ ಚಿಂತೆಯಿಲ್ಲ, ಬದುಕಲಿ ಎನಿಸಿತು. "ಎಬ್ಬಿಸ್ರಿ, ಹೋಗೋಣು," ಎಂದೆ.

ಅವ್ವ ಒಂದು ರಟ್ಟೆ, ಅತ್ತೆ ಒಂದು ರಟ್ಟೆ ಹಿಡಿದು ನಿಲ್ಲಿಸಿದರು. ಬಾಗಿಲು ದಾಟಲೂ ಆಗಲಿಲ್ಲ. ನಿಂತಲ್ಲೇ ಒಂದು ದೊಡ್ಡ ನೋವು ಬಂತು, ಕೆಳಗೆ ಕುಕ್ಕರಿಸಿದೆ, ನರ್ಸಮ್ಮನ ಕೈಗೆ ಕೂಸು ಬಂತು. ಹೆಣ್ಣು. ಅಳಲಿಲ್ಲ. ನರ್ಸಮ್ಮ ಬಾಯಿ ಒರೆಸಿದಳು, ಬೆನ್ನು ತಿಕ್ಕಿದಳು, ಕಾಲು ಹಿಡಿದು ತಲೆಕೆಳಗಾಗಿ ಎತ್ತಿದಳು. "ಕೊಡ್ರಿ ನನಗ," ಎಂದು ಕೂಗುತ್ತಿದ್ದೆ. ಆಗ ಅದು ಕೂಗಿತು. ಅತ್ತೆಯೇ ಒರೆಸಿ ತಂದು ನನ್ನ ಎದೆಯ ಮೇಲೆ ಇಟ್ಟರು. ಅಗಲ ಹಣೆ, ಚಪ್ಪಟೆ ಮೂಗು, ಮುಷ್ಟಿ ಬಿಗಿದ ಕೈ. ಎಷ್ಟು ಹೊತ್ತು ನೋಡಿದೆನೋ ಗೊತ್ತಿಲ್ಲ. ಇಳಿಹೊತ್ತಿಗೆ ಅಯ್ಯನವರು ಬಂದು ಲಿಂಗ ಕಟ್ಟಿದರು.

ಅವರು ಎದ್ದು ಹೋದ ಮೇಲೆ ಅಪ್ಪ ಒಳಗೆ ಬಂದ. ಬಾಣಂತಿಯ ಕೋಣೆಗೆ ಗಂಡಸರು ಬರುವುದು ಕಡಿಮೆ. ರುಮಾಲು ತೆಗೆದು ಮಡಿಲಲ್ಲಿಟ್ಟುಕೊಂಡು ನೆಲಕ್ಕೆ ಕೂತ. ಕೂಸನ್ನು ಬಹಳ ಹೊತ್ತು ನೋಡಿದ.

"ಹಣಿ ಆಕಿದೂ ಹಿಂಗೇ ಇತ್ತವ್ವಾ," ಎಂದ.

"ಸುಮ್ಮನಿರ್ರಿ, ಒಳ್ಳೆ ಹೊತ್ತಿನಾಗ ಏನದು," ಎಂದಳು ಅವ್ವ.

"ಇರ್ಲಿ ಬೇ, ಹೇಳ್ಲಿ," ಎಂದೆ. "ಎಪ್ಪಾ, ಕೂದಲ ಇದ್ವೇನು?"

"ಭಾಳ ಇದ್ವು. ಕರ್ರಗ, ಹಣಿತನಕ. ನಮ್ಮ ಹೊಲದಾಗೇ ಮಣ್ಣ ಕೊಡಬೇಕಂತ ಬಸ್ಸಿನಾಗ ಕರಕೊಂಡ ಬಂದೆ. ಗುಲ್ಬರ್ಗಾದಿಂದ ಇಲ್ಲೀತನಕ ತೊಡೀಮ್ಯಾಲೇ ಇತ್ತು. ಮಲಗ್ಯಾದ ಅಂತ ತಿಳಕೊಂಡ್ರು ಮಂದಿ." ಅಪ್ಪ ರುಮಾಲಿನಿಂದ ಮುಖ ಒರೆಸಿಕೊಂಡ. "ಬಗಲಾಗ ಕುಂತ ಒಬ್ಬಾಕಿ ಕೇಳಿದಳು, ಮಮ್ಮಗಳೇನ್ರಿ ಅಂತ. ಹೌದವ್ವಾ, ನನ್ನ ಮಗಳ ಚೊಚ್ಚಲ ಅಂದೆ."