ಬಾನೆಟ್ಟಿಗೆ ಮುಸುರೆ ನೀರು

ಇವತ್ತು ಭೀಮರಾಯನಗುಡಿಯಲ್ಲಿ ಹಸಿ ಪೇಂಟಿನ ವಾಸನೆ ಮೂಗಿಗೆ ಬಡಿದು ತಲೆ ಕೆಟ್ಟಿತು. ಅವ್ವ ಸತ್ತ ಮೇಲೆ ನನ್ನ ತಮ್ಮ ಗುಜರಿಗೆ ಹಾಕಿದ್ದ ನಮ್ಮ ಹಿತ್ತಲಿನ ಹಳೆಯ ಮಿಲಿಟರಿ ಲಾರಿಯನ್ನು ಯಾವನೋ ಶೋಕಿಗಾರ ರಿಪೇರಿ ಮಾಡಿಸಿ, ಮದುಮಗನಂತೆ ಸಿಂಗರಿಸಿ ನಿಲ್ಲಿಸಿದ್ದ.

ನಿಜಾಮರ ರಾಜ್ಯ ಮುಗಿದ ದಿನಗಳಲ್ಲಿ, ಬಂದೂಕು ಹಿಡಿದವರು ಇಂಥದೇ ಲಾರಿಯಲ್ಲಿ ಅಪ್ಪನನ್ನು ಹತ್ತಿಸಿಕೊಂಡು ಹೋದರು. ಅಪ್ಪ ತಿರುಗಿ ಬರಲಿಲ್ಲ. ಆಮೇಲೆ ಅಂಥದೊಂದು ಲಾರಿ ದೇವಾಪುರದ ನಮ್ಮ ಹಿತ್ತಲಲ್ಲಿ ಕೆಟ್ಟು ನಿಂತಿತು, ಅಲ್ಲೇ ಬಿಟ್ಟುಹೋದರು. ಅದೇ ಲಾರಿಯೋ ಬೇರೆಯೋ ಅವ್ವನಿಗೆ ಗೊತ್ತಿರಲಿಲ್ಲ, ಗೊತ್ತಾಗಬೇಕಾಗಿಯೂ ಇರಲಿಲ್ಲ. ಎಮ್ಮೆಗೆ ಇಡಬೇಕಾದ ಮುಸುರೆ ನೀರಿಗೆ ಹಿಡಿ ಉಪ್ಪು ಕದಡಿ ದಿನಾ ಅದರ ಬಾನೆಟ್ಟಿಗೆ ಎರಚುತ್ತಿದ್ದಳು. “ತುಕ್ಕ ಹಿಡದ ಸಾಯಿ!” ಅನ್ನುತ್ತಿದ್ದಳು. ತಾನು ಸಾಯುವವರೆಗೂ ಒಂದು ದಿನ ತಪ್ಪಿಸಲಿಲ್ಲ.

ಶೋಕಿಗಾರ ನನ್ನ ಕೈಗೆ ಚಹಾ ಕೊಟ್ಟ. “ಗಾಡಿ ಗಟ್ಟಿ ಐತ್ರಿ ಅವ್ವಾರ. ಬಾನೆಟ್ ಅಷ್ಟ ಪೂರಾ ತಿಂದುಹೋಗಿತ್ತು, ಯಾಕಂತ ತಿಳೀವಲ್ದು. ಕಿತ್ತ ಒಗದು ಹೊಸಾದು ಹಾಕ್ಸೀನಿ. ಹತ್ರಿ, ಫೋಟೋ ಹೊಡಿತೀನಿ.”

ಅವ್ವನ ಜೀವಮಾನದ ದುಡಿಮೆಯನ್ನು ಕಿತ್ತೆಸೆದಿದ್ದ.

ಚಹಾ ಇನ್ನೂ ಬಿಸಿಯಿತ್ತು. ಒಂದು ಗುಟುಕೂ ಕುಡಿಯದೆ ಅಷ್ಟನ್ನೂ ಆ ಹೊಸ ಬಾನೆಟ್ಟಿಗೆ ಎರಚಿ ಬಂದೆ.